ಬಣ್ಣ, ಮೂಲ, ಸಂಸ್ಕೃತಿ: ಕಾಯಿಲೆಯ ಲೆಕ್ಕದಲ್ಲಿ ಇವಕ್ಕೇನು ಕೆಲಸ?

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಪುಟ್ಟ ಕ್ಲಿಪ್ಪು ನೆನಪಿದೆ ಅಲ್ವಾ? ಪಲ್ಸ್ ಆಕ್ಸಿಮೀಟರ್, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಯಂತ್ರ. ಒಳಗೆ ಕೆಂಪು ದೀಪ ಹತ್ತುತ್ತಿತ್ತು. ನಾಲ್ಕೈದು ಸೆಕೆಂಡಿಗೆ 97 ಅಂತಲೋ 93 ಅಂತಲೋ ಅಂಕಿ ಬರುತ್ತಿತ್ತು. ಆಸ್ಪತ್ರೆಗೆ ಓಡಬೇಕೋ, ಮನೆಯಲ್ಲೇ ಮಲಗಿರಬಹುದೋ ಎಂಬುದನ್ನು ಎಷ್ಟೋ ಕಡೆ ಆ ಅಂಕಿಯೇ ತೀರ್ಮಾನಿಸಿತು.

2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಈ ಕ್ಲಿಪ್ಪಿನ ಬಗ್ಗೆ ಒಂದು ಪುಟ್ಟ ವರದಿ ಪ್ರಕಟಿಸಿದರು. ಅವರು ಮಾಡಿದ್ದು ಸರಳ ಕೆಲಸ. ಕ್ಲಿಪ್ಪು ತೋರಿಸಿದ ಅಂಕಿಯನ್ನೂ, ಅದೇ ಹೊತ್ತಿಗೆ ರಕ್ತ ತೆಗೆದು ಅಳೆದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕ್ಲಿಪ್ಪು 92ರಿಂದ 96ರವರೆಗೆ ತೋರಿಸುತ್ತಿದ್ದಾಗಲೂ ಕೆಲವರ ರಕ್ತದಲ್ಲಿ ಆಮ್ಲಜನಕದ ಮಟ್ಟ 88ಕ್ಕಿಂತ ಕೆಳಗೆ ಬಿದ್ದಿತ್ತು. ಹೀಗೆ ಮೋಸ ಹೋದ ಅಳತೆಗಳು ಬಿಳಿಯ ರೋಗಿಗಳಲ್ಲಿ ಶೇ 3.6. ಕಪ್ಪು ರೋಗಿಗಳಲ್ಲಿ ಶೇ 11.7.

ಅಂದರೆ ಮೂರು ಪಟ್ಟು ಹೆಚ್ಚು ಸಲ ಯಂತ್ರ ಸುಳ್ಳು ಹೇಳಿತ್ತು.

ಯಾಕೆ ಹೀಗೆ? ಕ್ಲಿಪ್ಪು ಬೆರಳಿನ ಮೂಲಕ ಎರಡು ಬಗೆಯ ಬೆಳಕು ಹಾಯಿಸುತ್ತದೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಮ್ಲಜನಕ ತುಂಬಿದ ರಕ್ತ ಒಂದು ರೀತಿ ಬೆಳಕು ಹೀರುತ್ತದೆ, ಖಾಲಿ ರಕ್ತ ಇನ್ನೊಂದು ರೀತಿ. ಆಚೆ ಬದಿಗೆ ಎಷ್ಟು ಬೆಳಕು ತಲುಪಿತು ಎಂಬುದರ ಮೇಲೆ ಲೆಕ್ಕ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಯಂತ್ರವನ್ನು ಹದಗೊಳಿಸುವಾಗ ಪರೀಕ್ಷೆಗೆ ಬೆರಳು ಕೊಟ್ಟವರಲ್ಲಿ ಹೆಚ್ಚಿನವರು ತಿಳಿಬಣ್ಣದವರು. ಹಾಗಾಗಿ ಗಾಢ ಬಣ್ಣದ ಬೆರಳಿನ ಲೆಕ್ಕ ತಪ್ಪಿತು.

ಈ ಕತೆಯಲ್ಲಿ ಎರಡು ಎಳೆಗಳಿವೆ. ಮೆಲನಿನ್ ಮೈಯದ್ದು, ಅದು ನಿಜ. ಆದರೆ ಯಾರ ಬೆರಳಿಟ್ಟು ಯಂತ್ರ ತಯಾರಿಸಬೇಕು ಅನ್ನುವುದು ಮನುಷ್ಯರು ಮಾಡಿದ ಆಯ್ಕೆ. ಜನಾಂಗ ಮತ್ತು ಆರೋಗ್ಯದ ಬಗ್ಗೆ ಯಾವ ಸುದ್ದಿ ಓದಿದರೂ ಈ ಎರಡು ಎಳೆ ಗಂಟು ಬಿದ್ದಿರುತ್ತವೆ. ಗಂಟು ಬಿಡಿಸಿ ನೋಡೋಣ.

ಮೊದಲು ಪದಗಳು

ಇಂಗ್ಲಿಷಿನ ರೇಸ್ ಎಂಬ ಪದಕ್ಕೆ ನಾವು ಜನಾಂಗ ಎನ್ನುತ್ತೇವೆ. ತೊಂದರೆ ಏನೆಂದರೆ, ಮಾತಿನಲ್ಲಿ ಜಾತಿಗೂ ಜನಾಂಗ ಅಂತೀವಿ, ಕುಲಕ್ಕೂ ಅಂತೀವಿ. ಇಲ್ಲಿ ಜನಾಂಗ ಅಂದರೆ ಚರ್ಮದ ಬಣ್ಣ, ಮುಖಚಹರೆಯಂಥ ಹೊರಗುರುತು ನೋಡಿ ಸಮಾಜ ಮಾಡಿಕೊಂಡ ವಿಂಗಡಣೆ ಅಂತ ಇಟ್ಟುಕೊಳ್ಳಿ.

ಎಥ್ನಿಸಿಟಿ ಎಂದರೆ ಸಮುದಾಯದ ಮೂಲ. ಒಂದೇ ಭಾಷೆ, ಒಂದೇ ಚರಿತ್ರೆ, ಒಂದೇ ಪೂರ್ವಿಕರು ಎಂಬ ಭಾವನೆ. ಜನಾಂಗದ ಹಣೆಪಟ್ಟಿಯನ್ನು ಹೆಚ್ಚಾಗಿ ಬೇರೆಯವರು ಅಂಟಿಸುತ್ತಾರೆ. ಸಮುದಾಯದ ಗುರುತನ್ನು ಹೆಚ್ಚಾಗಿ ನಾವೇ ಇಟ್ಟುಕೊಳ್ಳುತ್ತೇವೆ. ಸಂಸ್ಕೃತಿ ಎಂದರೆ ಬದುಕುವ ರೀತಿ: ಏನು ತಿನ್ನುತ್ತೇವೆ, ನೋವಾದರೆ ಯಾರಿಗೆ ಹೇಳುತ್ತೇವೆ, ಸತ್ತವರನ್ನು ಹೇಗೆ ಕಳಿಸಿಕೊಡುತ್ತೇವೆ.

ಸಾರ್ವಜನಿಕ ಆರೋಗ್ಯ ಅಂದರೆ ಒಬ್ಬ ರೋಗಿಯ ಚಿಕಿತ್ಸೆಯಲ್ಲ, ಇಡೀ ಜನಸಮೂಹದ ಆರೋಗ್ಯ. ಡಾಕ್ಟರ್ ಕೇಳುವ ಪ್ರಶ್ನೆ 'ಇವರಿಗೆ ಯಾಕೆ ಕಾಯಿಲೆ ಬಂತು?' ಸಾರ್ವಜನಿಕ ಆರೋಗ್ಯದವರು ಕೇಳುವುದು 'ಈ ಬೀದಿಯವರಿಗೇ ಯಾಕೆ ಜಾಸ್ತಿ ಬಂತು?'

ಜನಾಂಗದ ಹಣೆಪಟ್ಟಿ ಎಷ್ಟು ಸಡಿಲ ಅನ್ನುವುದಕ್ಕೆ ಅಮೆರಿಕದ ಜನಗಣತಿ ನೋಡಿ. 1920ರಿಂದ 1940ರವರೆಗಿನ ಗಣತಿಗಳಲ್ಲಿ ಭಾರತದಿಂದ ಹೋದವರನ್ನು 'ಹಿಂದೂ' ಎಂಬ ಜನಾಂಗಕ್ಕೆ ಸೇರಿಸಿದ್ದರು. ಸಿಖ್ಖರಾಗಲಿ ಮುಸ್ಲಿಮರಾಗಲಿ, ಎಲ್ಲರೂ ಅದೇ ಖಾನೆಗೆ. 1970ರಲ್ಲಿ ಅವರನ್ನು ಬಿಳಿಯರೆಂದು ಎಣಿಸಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಎಂಬ ಹೊಸ ಖಾನೆ ಬಂತು. ಅಲ್ಲಿ ಬಾಳಿ ಮುದುಕಾದ ಒಬ್ಬ ಮನುಷ್ಯ ಒಂದೇ ಜೀವಮಾನದಲ್ಲಿ ಮೂರು ಜನಾಂಗ ದಾಟಿದ ಹಾಗಾಯಿತು. ಅವನ ರಕ್ತದಲ್ಲಿ ಒಂದು ಹನಿಯೂ ಬದಲಾಗಿರಲಿಲ್ಲ.

ಹಾಗಾದರೆ ಜೀನ್‌ಗಳ ಪಾಲು ಎಷ್ಟು?

ಯಾವುದೇ ಇಬ್ಬರು ಮನುಷ್ಯರ ಡಿಎನ್ಎ ಹೆಚ್ಚುಕಡಿಮೆ ಶೇ 99.9ರಷ್ಟು ಒಂದೇ. ಉಳಿದ ಚೂರಿನಲ್ಲೇ ವ್ಯತ್ಯಾಸವೆಲ್ಲ. ಅದು ಕೂಡ ಜನಾಂಗದ ಗೆರೆ ಹಿಡಿದು ಹಂಚಿಕೆಯಾಗಿಲ್ಲ. 1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ತಳಿವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು: ಮನುಷ್ಯರ ನಡುವಿನ ಜೀನ್ ವ್ಯತ್ಯಾಸದಲ್ಲಿ ಸುಮಾರು ಶೇ 85ರಷ್ಟು ಒಂದೇ ಜನಸಮೂಹದ ಒಳಗೇ ಇದೆ. ಎರಡು ಜನಾಂಗಗಳ ನಡುವೆ ಇರುವುದು ತೀರಾ ಸಣ್ಣ ಪಾಲು.

ಸಣ್ಣದು ಅಂದ ಮಾತ್ರಕ್ಕೆ ಸೊನ್ನೆಯಲ್ಲ. ಕುಡಗೋಲು ಕಣ ರೋಗವನ್ನೇ ತೆಗೆದುಕೊಳ್ಳಿ. ಸಿಕಲ್ ಸೆಲ್ ಅಂತಲೂ ಕರೆಯುತ್ತಾರೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಈ ಜೀನ್ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಕಾಯಿಲೆಯಿಲ್ಲ, ಬದಲಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ. ಹಾಗಾಗಿ ಮಲೇರಿಯಾ ಸೊಳ್ಳೆ ಹೆಚ್ಚಿದ್ದ ಕಡೆ ಈ ಜೀನ್ ತಲೆಮಾರುಗಳ ಕಾಲ ಉಳಿದುಕೊಂಡಿತು.

ಇದನ್ನು ತುಂಬಾ ಕಾಲ 'ಕಪ್ಪು ಜನರ ಕಾಯಿಲೆ' ಎಂದೇ ಕರೆದರು. ಆದರೆ ಇದು ಗ್ರೀಸ್, ಸಿಸಿಲಿ, ಅರೇಬಿಯದಲ್ಲೂ ಇದೆ. ಭಾರತದಲ್ಲಿ 1952ರಲ್ಲಿ ನೀಲಗಿರಿಯ ಆದಿವಾಸಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಇತ್ತ ದಕ್ಷಿಣ ಆಫ್ರಿಕದ ಖೋಸಾ ಸಮುದಾಯದವರು ಕಪ್ಪು ಬಣ್ಣದವರೇ, ಅವರಲ್ಲಿ ಇದು ಅಪರೂಪ. ಈ ಜೀನ್ ಹಿಂಬಾಲಿಸಿದ್ದು ಸೊಳ್ಳೆಯ ನಕ್ಷೆಯನ್ನು.

ಇನ್ನೊಂದು ಉದಾಹರಣೆ ಔಷಧದ್ದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಮಾತ್ರೆ ಕೆಲವರಿಗೆ ಭಯಂಕರ ಅಲರ್ಜಿ ತರುತ್ತದೆ, ಮೈಚರ್ಮವೇ ಸುಲಿದುಬರುತ್ತದೆ. ಎಚ್ಎಲ್ಎ-ಬಿ 1502 ಎಂಬ ಜೀನ್ ರೂಪ ಇದ್ದವರಿಗೆ ಈ ಅಪಾಯ ಜಾಸ್ತಿ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಏಷ್ಯ ಮೂಲದವರಿಗೆ ಈ ಮಾತ್ರೆ ಕೊಡುವ ಮೊದಲು ಜೀನ್ ಪರೀಕ್ಷೆ ಮಾಡಿ ಎಂದು ಎಚ್ಚರಿಸಿತು. ಒಳ್ಳೆಯ ಸಲಹೆಯೇ. ಆದರೆ ಈ ಜೀನ್ ಹಾನ್ ಚೀನೀಯರಲ್ಲಿ, ಥಾಯ್ ಜನರಲ್ಲಿ ಸಾಕಷ್ಟು ಕಾಣುತ್ತದೆ, ಜಪಾನೀಯರಲ್ಲಿ ತೀರಾ ವಿರಳ. ಇಬ್ಬರೂ ಏಷ್ಯದವರೇ. 'ಏಷ್ಯನ್' ಎಂಬ ಪಟ್ಟಿ ಮೂಟೆಯ ಮೇಲೆ ಬರೆದ 'ಧಾನ್ಯ' ಎಂಬ ಪದದ ಹಾಗೆ. ಒಳಗಿರುವುದು ಅಕ್ಕಿಯೋ ರಾಗಿಯೋ ತಿಳಿಯಬೇಕಾದರೆ ಮೂಟೆ ಬಿಚ್ಚಲೇಬೇಕು. ಇಲ್ಲಿ ಬಿಚ್ಚುವುದೆಂದರೆ ಆ ವ್ಯಕ್ತಿಯ ಜೀನ್ ಪರೀಕ್ಷೆ.

ಅದೇ ರಕ್ತ, ಬೇರೆ ಊರು

ಅಮೆರಿಕದ ಕಪ್ಪು ಜನರಲ್ಲಿ ಬಿಪಿ ಹೆಚ್ಚು. ಇದು ಹುಟ್ಟಿನಿಂದ ಬಂದದ್ದೇ? ಗೊತ್ತಾಗಬೇಕಾದರೆ ಅದೇ ಪೂರ್ವಿಕರ ವಂಶದವರು ಬೇರೆ ಬೇರೆ ಕಡೆ ಹೇಗಿದ್ದಾರೆ ನೋಡಬೇಕು. ರಿಚರ್ಡ್ ಕೂಪರ್ ಎಂಬ ವೈದ್ಯರ ತಂಡ ಅದನ್ನೇ ಮಾಡಿತು. ಗುಲಾಮರನ್ನು ಹೊತ್ತ ಹಡಗುಗಳು ಹೋದ ದಾರಿಯಲ್ಲೇ ಇವರೂ ಬಿಪಿ ಅಳೆಯುತ್ತ ಹೋದರು. 1997ರಲ್ಲಿ ಫಲಿತಾಂಶ ಬಂತು. ಪಶ್ಚಿಮ ಆಫ್ರಿಕದಲ್ಲಿ ಶೇ 16 ಜನರಿಗೆ ಅಧಿಕ ರಕ್ತದೊತ್ತಡ. ಕೆರಿಬಿಯನ್ ದ್ವೀಪಗಳಲ್ಲಿ ಶೇ 26. ಅಮೆರಿಕದಲ್ಲಿ ಶೇ 33. ಒಂದೇ ಬೇರು, ಮೂರು ಮಣ್ಣು, ಮೂರು ಅಂಕಿ.

2005ರಲ್ಲಿ ಅದೇ ತಂಡ ಬಿಳಿಯರನ್ನೂ ಸೇರಿಸಿ ಹೋಲಿಸಿತು. ಜರ್ಮನಿಯ ಬಿಳಿಯರಲ್ಲಿ ಶೇ 55ರಷ್ಟು ಮಂದಿಗೆ ಬಿಪಿ. ಅಮೆರಿಕದ ಕಪ್ಪು ಜನರಲ್ಲಿ ಶೇ 44. ನೈಜೀರಿಯದಲ್ಲಿ ಶೇ 14ರ ಆಸುಪಾಸು. ಜರ್ಮನರ ಬಿಪಿಗೆ ಯಾರೂ 'ಬಿಳಿಯರ ಕಾಯಿಲೆ' ಅಂತ ಹೆಸರಿಟ್ಟಿಲ್ಲ ಅನ್ನುವುದು ಬೇರೆ ಮಾತು.

ಇನ್ನೂ ಹತ್ತಿರದಿಂದ ನೋಡಬೇಕಾದರೆ ಪೀಮಾ ಜನರ ಕತೆ ಕೇಳಬೇಕು. ಇವರು ಅಮೆರಿಕದ ಅರಿಜೋನಾ ಮರುಭೂಮಿಯ ಮೂಲನಿವಾಸಿಗಳು. ತಮ್ಮನ್ನು ತಾವು ಕರೆದುಕೊಳ್ಳುವುದು 'ಅಕಿಮೆಲ್ ಓಓಧಮ್', ನದಿಯ ಜನ ಅಂತ. ಆ ನದಿ ಗಿಲಾ. ಅದರಿಂದ ಕಾಲುವೆ ತೋಡಿ ಮೆಕ್ಕೆಜೋಳ, ಅವರೆಯಂಥ ಕಾಳು, ಕುಂಬಳ ಬೆಳೆಯುತ್ತಿದ್ದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಮೇಲ್ಭಾಗದಲ್ಲಿ ಬಂದು ನೆಲೆಸಿದವರು ನೀರನ್ನು ತಮ್ಮ ಹೊಲಕ್ಕೆ ತಿರುಗಿಸಿಕೊಂಡರು. ನದಿ ಬತ್ತಿತು, ಬೇಸಾಯ ಹೋಯಿತು, ಬರ ಬಂತು. ಮುಂದಿನ ತಲೆಮಾರುಗಳು ಸರ್ಕಾರ ಹಂಚುವ ಬಿಳಿ ಹಿಟ್ಟು, ಕೊಬ್ಬು, ಸಕ್ಕರೆಯ ಮೇಲೆ ಬದುಕಿದವು. ಹೊಲದ ಕೆಲಸ ಇಲ್ಲವಾಯಿತು.

ಇಂದು ಅರಿಜೋನಾದ ಪೀಮಾ ಜನರಲ್ಲಿ ಸಕ್ಕರೆ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿದೆ. ವಿಜ್ಞಾನಿಗಳು ದಶಕಗಳ ಕಾಲ ಇವರ ಜೀನ್ ಹುಡುಕಿದರು. ಆದರೆ ಗಡಿಯಾಚೆ, ಮೆಕ್ಸಿಕೊದ ಬೆಟ್ಟಗಳಲ್ಲಿ ಇವರದೇ ಬಳಗದ ಇನ್ನೊಂದು ಗುಂಪಿದೆ. ಅವರು ಇನ್ನೂ ಬೇಸಾಯ ಮಾಡಿಕೊಂಡು, ಮೈಮುರಿದು ದುಡಿಯುತ್ತಿದ್ದರು. 2006ರಲ್ಲಿ ಪ್ರಕಟವಾದ ಹೋಲಿಕೆ ಇದು: ಅರಿಜೋನಾದಲ್ಲಿ ಶೇ 38 ಮಂದಿಗೆ ಸಕ್ಕರೆ ಕಾಯಿಲೆ, ಮೆಕ್ಸಿಕೊದಲ್ಲಿ ಶೇ 6.9. ಜೀನ್ ಬಾಣಲೆಯಿದ್ದ ಹಾಗೆ, ಒಲೆ ಹಚ್ಚಿದರೆ ತಾನೆ ಕಾಯುವುದು. ಇಲ್ಲಿ ಒಲೆ ಹಚ್ಚಿದ್ದು ಬತ್ತಿದ ನದಿ. ಗಿಲಾ ನದಿಯ ನೀರಿನ ಹಕ್ಕಿನ ವಿವಾದಕ್ಕೆ ಕಾನೂನಿನ ಇತ್ಯರ್ಥ ಸಿಕ್ಕಿದ್ದು 2004ರಲ್ಲಿ.

ಜಪಾನಿನಿಂದ ಅಮೆರಿಕಕ್ಕೆ ಹೋದವರ ಅಧ್ಯಯನ ಇದಕ್ಕೆ ಇನ್ನೊಂದು ತಿರುವು ಕೊಡುತ್ತದೆ. ಜಪಾನಿನಲ್ಲೇ ಉಳಿದವರಿಗೆ ಹೃದಯದ ಕಾಯಿಲೆ ಕಡಿಮೆ, ಹವಾಯಿಗೆ ಹೋದವರಿಗೆ ಜಾಸ್ತಿ, ಕ್ಯಾಲಿಫೋರ್ನಿಯಕ್ಕೆ ಹೋದವರಿಗೆ ಇನ್ನೂ ಜಾಸ್ತಿ. ಊಟ ಬದಲಾಯಿತು, ಅದಕ್ಕೇ ಅಂತೀರಾ? 1976ರಲ್ಲಿ ಮೈಕೆಲ್ ಮಾರ್ಮಟ್ ಮತ್ತು ಲಿಯೊನಾರ್ಡ್ ಸೈಮ್ ಕ್ಯಾಲಿಫೋರ್ನಿಯದವರನ್ನೇ ಎರಡಾಗಿ ನೋಡಿದರು. ತಮ್ಮವರ ಜತೆ ಒಡನಾಟ, ಹಳೆಯ ನಂಟು ಉಳಿಸಿಕೊಂಡವರ ಹೃದಯ ಜಪಾನಿನವರಷ್ಟೇ ಗಟ್ಟಿಯಾಗಿತ್ತು. ಪೂರ್ತಿ ಅಮೆರಿಕನ್ನರಾದವರಲ್ಲಿ ಕಾಯಿಲೆ ಮೂರರಿಂದ ಐದು ಪಟ್ಟು ಹೆಚ್ಚು. ಊಟ, ಸಿಗರೇಟು, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಪೂರ್ತಿ ಅಳಿಸಿಹೋಗಲಿಲ್ಲ. ನಾಲ್ಕು ಜನ ನಮ್ಮವರು ಇದ್ದಾರೆ ಅನ್ನುವುದಕ್ಕೂ ಹೃದಯಕ್ಕೂ ಏನೋ ಸಂಬಂಧವಿದೆ.

ಹೊರಗಿನದು ಮೈಯೊಳಗೆ ಹೋಗುವುದು ಹೇಗೆ?

ಅವಮಾನ, ಅನುಮಾನ, ಬಾಡಿಗೆ ಮನೆ ಸಿಗದ ಸಂಕಟ, ಇವೆಲ್ಲ ಮನಸ್ಸಿನ ವಿಷಯ ಅಲ್ವಾ, ರಕ್ತನಾಳಕ್ಕೂ ಇದಕ್ಕೂ ಏನು?

ನಾಯಿ ಅಟ್ಟಿಸಿಕೊಂಡು ಬಂದರೆ ಮೈ ಏನು ಮಾಡುತ್ತದೆ ನೆನಪು ಮಾಡಿಕೊಳ್ಳಿ. ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳ ಕೆಲಸ ಇದು. ಓಡಲು ಬೇಕಾದ ತಯಾರಿ. ನಾಯಿ ಹೋದ ಮೇಲೆ ಎಲ್ಲ ಇಳಿಯುತ್ತದೆ. ಆದರೆ ನಾಯಿ ಹೋಗದೇ ಇದ್ದರೆ? ದಿನಾ ಕೆಲಸದ ಜಾಗದಲ್ಲಿ, ಬಸ್ಸಿನಲ್ಲಿ, ಪೊಲೀಸರ ಎದುರಲ್ಲಿ ಮೈ ಬಿಗಿಹಿಡಿದೇ ಇರಬೇಕಾದರೆ? ತಯಾರಿ ನಿಲ್ಲುವುದೇ ಇಲ್ಲ. ಸದಾ ಮೊದಲನೇ ಗೇರಿನಲ್ಲೇ ಓಡಿಸಿದ ಗಾಡಿಯ ಎಂಜಿನ್ ಬೇಗ ಸವೆದ ಹಾಗೆ ದೇಹವೂ ಸವೆಯುತ್ತದೆ. ಆರ್ಲೀನ್ ಜೆರೊನಿಮಸ್ ಎಂಬ ಸಂಶೋಧಕಿ 1992ರಲ್ಲಿ ಇದಕ್ಕೆ ವೆದರಿಂಗ್ ಎಂದು ಹೆಸರಿಟ್ಟರು. ಮಳೆ ಬಿಸಿಲಿಗೆ ಬಂಡೆ ಸವೆಯುವುದಕ್ಕೂ ಇದೇ ಪದ.

ಸವೆತ ಎಲ್ಲಿ ಎದ್ದು ಕಾಣುತ್ತದೆ? ಹೆರಿಗೆಯಲ್ಲಿ. ಅಮೆರಿಕದಲ್ಲಿ 2021ರಲ್ಲಿ ಪ್ರತಿ ಒಂದು ಲಕ್ಷ ಜನನಕ್ಕೆ 26.6 ಬಿಳಿಯ ತಾಯಂದಿರು ಸತ್ತರೆ, ಕಪ್ಪು ತಾಯಂದಿರು 69.9. ಬಡತನವೇ ಕಾರಣ ಅಂತ ಮುಗಿಸಿಬಿಡಲು ಬರುವುದಿಲ್ಲ. ಕಾಲೇಜು ಓದಿದ ಕಪ್ಪು ಮಹಿಳೆಯರಲ್ಲೂ ಹೆರಿಗೆ ಸಾವು, ಹೈಸ್ಕೂಲೂ ಮುಗಿಸದ ಬಿಳಿಯ ಮಹಿಳೆಯರಿಗಿಂತ ಜಾಸ್ತಿ.

ಜೀನ್ ಇರಬಹುದಾ? ಇದನ್ನು ಪರೀಕ್ಷಿಸಿದ ರೀತಿ ನನಗೆ ತುಂಬಾ ಇಷ್ಟ. 1997ರಲ್ಲಿ ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಎಂಬ ಮಕ್ಕಳ ವೈದ್ಯರು ಇಲಿನಾಯ್ ರಾಜ್ಯದಲ್ಲಿ ಹುಟ್ಟಿದ ಶಿಶುಗಳ ತೂಕ ನೋಡಿದರು. ಬಿಳಿಯ ತಾಯಂದಿರ ಮಕ್ಕಳ ಸರಾಸರಿ 3,446 ಗ್ರಾಂ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಕಪ್ಪು ತಾಯಂದಿರ ಮಕ್ಕಳದ್ದು 3,089 ಗ್ರಾಂ. ಆಫ್ರಿಕದಲ್ಲಿ ಹುಟ್ಟಿ ವಲಸೆ ಬಂದ ಕಪ್ಪು ತಾಯಂದಿರ ಮಕ್ಕಳದ್ದು 3,333 ಗ್ರಾಂ. ತೂಕ ಕಡಿಮೆಯಾಗುವುದು ಆಫ್ರಿಕದ ಜೀನಿನಿಂದ ಆಗಿದ್ದರೆ ವಲಸೆ ಬಂದವರ ಮಕ್ಕಳೇ ಎಲ್ಲರಿಗಿಂತ ಹಗುರ ಇರಬೇಕಿತ್ತು. ಅವರು ಬಿಳಿಯರ ಹತ್ತಿರ ಇದ್ದರು. ಆಮೇಲೆ ಇವರು ಮುಂದಿನ ತಲೆಮಾರನ್ನೂ ನೋಡಿದರು. ಬಿಳಿಯ ವಲಸಿಗರ ಮೊಮ್ಮಕ್ಕಳ ತೂಕ ಏರಿತ್ತು. ಆಫ್ರಿಕ, ಕೆರಿಬಿಯನ್ ಕಡೆಯಿಂದ ಬಂದ ಕಪ್ಪು ವಲಸಿಗರ ಮೊಮ್ಮಕ್ಕಳದ್ದು ಇಳಿದಿತ್ತು. ಇಷ್ಟಕ್ಕೆ ಆ ದೇಶದಲ್ಲಿ ಒಂದೇ ಒಂದು ತಲೆಮಾರು ಬೆಳೆದದ್ದು ಸಾಕಾಗಿತ್ತು.

ಸೂತ್ರದೊಳಗೆ ಅಡಗಿದ ಬಣ್ಣ

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿನ ಕ್ರಿಯಾಟಿನಿನ್ (ಮಾಂಸಖಂಡಗಳಿಂದ ಬಂದು ಕಿಡ್ನಿ ಹೊರಹಾಕುವ ಕಸ) ಅಳೆದು, ವಯಸ್ಸು ಮತ್ತು ಲಿಂಗ ಸೇರಿಸಿ, ಸೂತ್ರಕ್ಕೆ ಹಾಕುತ್ತಾರೆ. 1999ರಿಂದ ಈ ಸೂತ್ರಗಳಲ್ಲಿ ಇನ್ನೊಂದು ಅಂಶ ಸೇರಿತ್ತು: ರೋಗಿ ಕಪ್ಪು ಬಣ್ಣದವರಾದರೆ ಬಂದ ಉತ್ತರವನ್ನು 1.2ರ ಆಸುಪಾಸಿನ ಅಂಕಿಯಿಂದ ಗುಣಿಸಿ. 2009ರ ಸೂತ್ರದಲ್ಲಿ ಅದು 1.159. ಕಪ್ಪು ಜನರಿಗೆ ಮಾಂಸಖಂಡ ಹೆಚ್ಚು, ಹಾಗಾಗಿ ಕ್ರಿಯಾಟಿನಿನ್ ಹೆಚ್ಚು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ.

ಕಾಗದದ ಮೇಲೆ ಚಿಕ್ಕ ಗುಣಾಕಾರ. ಬದುಕಿನಲ್ಲಿ ಏನಾಯಿತು ನೋಡಿ. ಅಮೆರಿಕದಲ್ಲಿ ಕಿಡ್ನಿ ಕಸಿಗೆ ಕಾಯುವವರ ಲೆಕ್ಕ ಸಾಮಾನ್ಯವಾಗಿ ಈ ಅಂಕಿ 20ಕ್ಕೆ ಇಳಿದಾಗ ಶುರುವಾಗುತ್ತದೆ. ಒಬ್ಬರಿಗೆ 18 ಬಂತು ಅನ್ನಿ. ಬಿಳಿಯರಾಗಿದ್ದರೆ ಅಂದೇ ಸಾಲಿನಲ್ಲಿ ನಿಲ್ಲಬಹುದು. ಕಪ್ಪು ಬಣ್ಣದವರಾಗಿದ್ದರೆ 18 ಗುಣಿಸು 1.159, ಹೆಚ್ಚುಕಡಿಮೆ 20.9. 'ನಿಮ್ಮ ಕಿಡ್ನಿ ಇನ್ನೂ ಚೆನ್ನಾಗಿದೆ, ಆಮೇಲೆ ಬನ್ನಿ.' 2021ರಲ್ಲಿ ಈ ಗುಣಾಕಾರ ತೆಗೆದು ಹೊಸ ಸೂತ್ರ ತಂದರು. 2023ರಿಂದ ಸಾವಿರಾರು ಕಪ್ಪು ರೋಗಿಗಳಿಗೆ ಕಳೆದುಕೊಂಡ ಕಾಯುವ ಕಾಲವನ್ನು ಲೆಕ್ಕಕ್ಕೆ ಸೇರಿಸಿ ಕೊಟ್ಟರು.

ಶ್ವಾಸಕೋಶದ ಬಲ ಅಳೆಯುವ ಊದುವ ಯಂತ್ರದಲ್ಲೂ ಇಂಥದ್ದೇ ತಿದ್ದುಪಡಿ ಇತ್ತು, ಏಷ್ಯದವರಿಗೂ ಸೇರಿ. ಅದನ್ನು ಬಿಡಿ ಎಂದು ಅಮೆರಿಕದ ಶ್ವಾಸಕೋಶ ತಜ್ಞರ ಸಂಘ 2023ರಲ್ಲಿ ಹೇಳಿತು. ಆಕ್ಸಿಮೀಟರನ್ನು ಎಲ್ಲ ಬಣ್ಣದ ಚರ್ಮದ ಮೇಲೂ ಪರೀಕ್ಷಿಸಬೇಕು ಎಂಬ ಕರಡು ಮಾರ್ಗಸೂಚಿಯನ್ನು ಎಫ್‌ಡಿಎ 2025ರ ಜನವರಿಯಲ್ಲಿ ಹೊರಡಿಸಿತು.

ಒಂದು ಪದ, ಒಂದು ಶವಸಂಸ್ಕಾರ

ಈಗ ಸಂಸ್ಕೃತಿಗೆ ಬರೋಣ. 1980ರಲ್ಲಿ ಫ್ಲೋರಿಡಾದ ಒಂದು ಆಸ್ಪತ್ರೆಗೆ 18 ವರ್ಷದ ಹುಡುಗನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ತಂದರು. ಮನೆಯವರು ಕ್ಯೂಬಾ ಮೂಲದವರು, ಸ್ಪ್ಯಾನಿಷ್ ಮಾತಾಡುವವರು. ಅವನು 'ಇಂತೊಕ್ಸಿಕಾದೊ' ಆಗಿದ್ದಾನೆ ಎಂದರು. ಅವರ ಮಾತಿನಲ್ಲಿ ಹಾಗೆಂದರೆ ತಿಂದದ್ದೋ ಕುಡಿದದ್ದೋ ಮೈಗೆ ಆಗಿಬರಲಿಲ್ಲ ಅಂತ. ವೈದ್ಯರ ಕಿವಿಗೆ ಅದು ಇಂಗ್ಲಿಷಿನ 'ಇಂಟಾಕ್ಸಿಕೇಟೆಡ್' ಆಗಿ ಕೇಳಿಸಿತು, ಅಂದರೆ ಅಮಲೇರಿದವನು. ಮಾದಕ ವಸ್ತು ಜಾಸ್ತಿ ತೆಗೆದುಕೊಂಡಿದ್ದಾನೆ ಎಂದು ಚಿಕಿತ್ಸೆ ಕೊಟ್ಟರು. ನಿಜವಾಗಿ ಅವನ ಮಿದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಗೊತ್ತಾಗುವಷ್ಟರಲ್ಲಿ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದ್ದವು. ಕೊನೆಗೆ ಸುಮಾರು 7.1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಅಲ್ಲಿ ಬೇಕಿದ್ದದ್ದು ಒಬ್ಬ ದುಭಾಷಿ, ಅಷ್ಟೇ.

2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹರಡಿದಾಗ ಸಂಸ್ಕೃತಿಯ ಪ್ರಶ್ನೆ ಇನ್ನೂ ದೊಡ್ಡದಾಗಿ ಎದ್ದಿತು. ಗಿನಿ, ಲೈಬೀರಿಯ, ಸಿಯೆರಾ ಲಿಯೋನ್ ದೇಶಗಳಲ್ಲಿ ಸತ್ತವರ ಮೈ ತೊಳೆಯುವುದು, ಮುಟ್ಟಿ ಬೀಳ್ಕೊಡುವುದು ಬಂಧುಗಳ ಕರ್ತವ್ಯ. ಎಬೋಲಾದಿಂದ ಸತ್ತವರ ಮೈಯಲ್ಲಿ ವೈರಸ್ ತುಂಬಿಕೊಂಡಿರುತ್ತದೆ. ಮುಟ್ಟಿದರೆ ಅಂಟುತ್ತದೆ. ಹೊಸ ಸೋಂಕುಗಳಲ್ಲಿ ಕಡಿಮೆಯೆಂದರೂ ಶೇ 20 ಶವಸಂಸ್ಕಾರದ ವೇಳೆ ಆಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಮೊದಲಿಗೆ ಅಧಿಕಾರಿಗಳು ಮಾಡಿದ್ದು ನೇರ ದಾರಿ. ಬಿಳಿ ರಕ್ಷಾಕವಚ ತೊಟ್ಟವರು ಬಂದು ಶವವನ್ನು ಚೀಲಕ್ಕೆ ಹಾಕಿ, ಮುಖವನ್ನೂ ತೋರಿಸದೆ ಒಯ್ಯುತ್ತಿದ್ದರು. ವೈದ್ಯವಿಜ್ಞಾನದ ಲೆಕ್ಕದಲ್ಲಿ ಸರಿ. ಆದರೆ ಆಮೇಲೆ ಏನಾಯಿತು? ಜನ ರೋಗಿಗಳನ್ನು ಬಚ್ಚಿಟ್ಟರು. ರಾತ್ರಿ ಹೊತ್ತು ಗುಟ್ಟಾಗಿ ಹೂಳಿದರು. ಸೋಂಕು ಕಣ್ಣಿಗೆ ಕಾಣದ ಕಡೆ ಹೋಗಿ ಹರಡಿತು.

2014ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ವಿಧಾನ ಬರೆಯಿತು. ಧರ್ಮಗುರುಗಳನ್ನೂ ಮಾನವಶಾಸ್ತ್ರಜ್ಞರನ್ನೂ ಕೂರಿಸಿಕೊಂಡು ಬರೆದದ್ದು. ಹೆಸರೇ 'ಸುರಕ್ಷಿತ ಮತ್ತು ಗೌರವಯುತ ಶವಸಂಸ್ಕಾರ'. ಮನೆಯವರ ಜತೆ ಮಾತಾಡದೆ ಶುರು ಮಾಡಬಾರದು. ಗುಂಡಿ ತೋಡಲು ಅವರನ್ನೂ ಕರೆಯಿರಿ. ಮುಸ್ಲಿಮರಾದರೆ ನೀರು ಮುಟ್ಟಿಸದೆ ಮಾಡುವ ಶುದ್ಧಿ, ಮೇಲೆ ಬಿಳಿ ಬಟ್ಟೆ. ಕ್ರೈಸ್ತರಾದರೆ ಪ್ರಾರ್ಥನೆ. ವೈರಸ್ಸಿನ ವಿಷಯದಲ್ಲಿ ಒಂದು ನಿಯಮವೂ ಸಡಿಲವಾಗಲಿಲ್ಲ, ಶವವನ್ನು ಬಂಧುಗಳು ಮುಟ್ಟುವಂತಿರಲಿಲ್ಲ. ಬದಲಾಗಿದ್ದು ಬೀಳ್ಕೊಡುವ ರೀತಿ. ಆ ಪಿಡುಗಿಗೆ ಒಟ್ಟು 11,000ಕ್ಕೂ ಹೆಚ್ಚು ಜನ ಬಲಿಯಾದರು. ಅದನ್ನು ನಿಲ್ಲಿಸಿದ ಕೆಲಸಗಳಲ್ಲಿ ಈ ಬದಲಾವಣೆಗೂ ಪಾಲಿದೆ.

ನಂಬಿಕೆ ಮುರಿದರೆ ಎಷ್ಟು ಕಾಲ ಬೇಕು?

'ಅವರು ಲಸಿಕೆ ಹಾಕಿಸಿಕೊಳ್ಳಲ್ಲ, ಮೂಢನಂಬಿಕೆ' ಎಂಬ ಮಾತು ಕೇಳಿರುತ್ತೀರಿ. ಹಲವು ಸಲ ಅದರ ಹಿಂದೆ ಇರುವುದು ನೆನಪು.

ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಲ್ಲಿ ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆ ಒಂದು ಅಧ್ಯಯನ ಶುರು ಮಾಡಿತು. ಸುಮಾರು 600 ಬಡ ಕಪ್ಪು ಗಂಡಸರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ. ಅವರಿಗೆ ಹೇಳಿದ್ದು 'ನಿಮ್ಮ ರಕ್ತ ಕೆಟ್ಟಿದೆ, ಚಿಕಿತ್ಸೆ ಕೊಡುತ್ತೇವೆ' ಎಂದು. ಕೊಟ್ಟದ್ದು ಬಿಟ್ಟಿ ಊಟ, ಅಂತ್ಯಕ್ರಿಯೆ ಖರ್ಚಿಗೆ ವಿಮೆ. ಚಿಕಿತ್ಸೆ ಕೊಡದೆ ಬಿಟ್ಟರೆ ಕಾಯಿಲೆ ಹೇಗೆ ಬೆಳೆಯುತ್ತದೆ ನೋಡುವುದೇ ಉದ್ದೇಶ. 1947ರ ಹೊತ್ತಿಗೆ ಪೆನಿಸಿಲಿನ್ ಸಿಫಿಲಿಸ್‌ಗೆ ಖಾಯಂ ಔಷಧವಾಗಿತ್ತು. ಇವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾದ ಮೇಲೆ ನಿಂತಿತು. ನಲವತ್ತು ವರ್ಷ. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ.

ನೈಜೀರಿಯದ ಕಾನೊದಲ್ಲೂ ಇಂಥದ್ದೇ ಒಂದು ಹಿನ್ನೆಲೆ. 1996ರಲ್ಲಿ ಮೆನಿಂಜೈಟಿಸ್ ಎಂಬ ಮಿದುಳು ಪೊರೆಯ ಸೋಂಕು ಹಬ್ಬಿದ್ದಾಗ ಒಂದು ವಿದೇಶಿ ಔಷಧ ಕಂಪನಿ ಅಲ್ಲಿನ ಮಕ್ಕಳ ಮೇಲೆ ಹೊಸ ಔಷಧ ಪರೀಕ್ಷಿಸಿತು. ಮಕ್ಕಳು ಸತ್ತರು, ಸರಿಯಾಗಿ ಒಪ್ಪಿಗೆ ಪಡೆದಿರಲಿಲ್ಲ ಎಂಬ ಆರೋಪ ಎದ್ದಿತು, ಮೊಕದ್ದಮೆ ನಡೆದವು. 2003ರಲ್ಲಿ ಪೋಲಿಯೊ ಹನಿ ಹಾಕಲು ಬಂದಾಗ 'ಇದರಲ್ಲಿ ಮಕ್ಕಳಾಗದಂತೆ ಮಾಡುವ ಔಷಧ ಬೆರೆಸಿದ್ದಾರೆ' ಎಂಬ ಮಾತು ಹಬ್ಬಿತು. ಮಾತು ಸುಳ್ಳು. ಆದರೆ ಅದು ಬಿದ್ದ ನೆಲ ಹದವಾಗಿತ್ತು. ಕಾನೊ ಸುಮಾರು ಹನ್ನೊಂದು ತಿಂಗಳು ಹನಿ ನಿಲ್ಲಿಸಿತು. ಅಲ್ಲಿಂದ ಹೊರಟ ಪೋಲಿಯೊ ವೈರಸ್ ದೂರದ ಇಂಡೊನೇಷ್ಯದವರೆಗೂ ಮುಟ್ಟಿತು. ಹೆಚ್ಚುಕಡಿಮೆ ಮುಗಿದೇ ಹೋಗಿದ್ದ ರೋಗ ಅದು. ಮತ್ತೆ ದಾರಿಗೆ ತರಲು ಧಾರ್ಮಿಕ ಮುಖಂಡರು, ಊರಿನ ಹಿರಿಯರು ಮನೆಮನೆ ಸುತ್ತಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕ ವಲಯ ಸಹಜವಾಗಿ ಹರಡುವ 'ಕಾಡು' ಪೋಲಿಯೊ ವೈರಸ್ಸಿನಿಂದ ಮುಕ್ತ ಎಂದು ಘೋಷಣೆಯಾದದ್ದು 2020ರ ಆಗಸ್ಟಿನಲ್ಲಿ.

ಜನಾಂಗ ಸುಳ್ಳಾದರೆ ಯಾಕೆ ಬರೆದಿಡಬೇಕು?

ನ್ಯಾಯವಾದ ಪ್ರಶ್ನೆ. ಜನಾಂಗ ಅನ್ನುವುದು ಜೀವವಿಜ್ಞಾನದ ಗಟ್ಟಿ ಗೆರೆಯಲ್ಲ ಎಂದ ಮೇಲೆ ಆಸ್ಪತ್ರೆಯ ಫಾರಮ್ಮಿನಲ್ಲಿ ಆ ಕಾಲಂ ಯಾಕೆ?

ಪಿನ್‌ಕೋಡ್ ತೆಗೆದುಕೊಳ್ಳಿ. ಆರಂಕಿಯ ಆ ಸಂಖ್ಯೆಯಿಂದ ಯಾರಿಗೂ ಕಾಲರಾ ಬರುವುದಿಲ್ಲ. ಆದರೆ ಒಂದೇ ಪಿನ್‌ಕೋಡಿನಿಂದ ಮೇಲಿಂದ ಮೇಲೆ ಕಾಲರಾ ರೋಗಿಗಳು ಬರುತ್ತಿದ್ದರೆ ಅಲ್ಲಿನ ನೀರಿನ ಪೈಪು ನೋಡಬೇಕು ಅಂತ ಗೊತ್ತಾಗುತ್ತದೆ. ಜನಾಂಗದ ಕಾಲಂ ಕೂಡ ಹಾಗೇ. ಆಕ್ಸಿಮೀಟರ್ ತಪ್ಪು, ಹೆರಿಗೆ ಸಾವಿನ ಅಂತರ, ಎರಡೂ ಕಂಡದ್ದು ಆ ಕಾಲಂ ಇದ್ದದ್ದರಿಂದ. ಫ್ರಾನ್ಸಿನಲ್ಲಿ ಇಂಥ ಮಾಹಿತಿ ಸಂಗ್ರಹಕ್ಕೆ 1978ರ ಕಾನೂನು ಕಟ್ಟುನಿಟ್ಟಿನ ಮಿತಿ ಹಾಕಿದೆ. ಪ್ರಜೆಗಳಲ್ಲಿ ಭೇದ ಎಣಿಸಬಾರದು ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿದೆ. ಆದರೆ ಅಲ್ಲಿ ಕೋವಿಡ್ ಯಾರಿಗೆ ಜಾಸ್ತಿ ತಟ್ಟಿತು ಎಂದು ತಿಳಿಯಲು ಸಂಶೋಧಕರು ಹುಟ್ಟಿದ ದೇಶದಂಥ ಸುತ್ತುದಾರಿ ಹಿಡಿಯಬೇಕಾಯಿತು. ಬರೆದಿಟ್ಟರೂ ಕಷ್ಟ, ಬಿಟ್ಟರೂ ಕಷ್ಟ. ಬರೆದಿಟ್ಟ ಅಂಕಿಯನ್ನು ಕಿಡ್ನಿ ಸೂತ್ರದ ಹಾಗೆ ಬಳಸುತ್ತೀರೋ, ನೀರಿನ ಪೈಪು ಹುಡುಕಲು ಬಳಸುತ್ತೀರೋ ಅನ್ನುವುದರಲ್ಲಿದೆ ಎಲ್ಲ.

ಕ್ಷೌರದಂಗಡಿಯ ಬಿಪಿ ಯಂತ್ರ

ಕೊನೆಗೆ ಒಂದು ಪ್ರಯೋಗ. ಅಮೆರಿಕದ ಕಪ್ಪು ಗಂಡಸರು ಡಾಕ್ಟರ ಹತ್ತಿರ ಹೋಗುವುದು ಕಡಿಮೆ. ಕಾರಣಗಳನ್ನು ಮೇಲೆ ನೋಡಿದೆವು. ಆದರೆ ಕಟಿಂಗ್‌ಗೆ ತಪ್ಪದೆ ಹೋಗುತ್ತಾರೆ, ಅದೂ ವರ್ಷಾನುಗಟ್ಟಲೆ ಒಬ್ಬರ ಹತ್ತಿರವೇ. ಲಾಸ್ ಏಂಜಲೀಸ್‌ನ ಹೃದಯ ತಜ್ಞ ರೊನಾಲ್ಡ್ ವಿಕ್ಟರ್ ಅವರ ತಂಡ ಕಪ್ಪು ಸಮುದಾಯದ 52 ಕ್ಷೌರದಂಗಡಿಗಳನ್ನು ಸೇರಿಸಿಕೊಂಡಿತು. ಬಿಪಿ ಜಾಸ್ತಿ ಇದ್ದ 319 ಗಿರಾಕಿಗಳು. ಅರ್ಧದಷ್ಟು ಅಂಗಡಿಗಳಲ್ಲಿ ಕ್ಷೌರಿಕರು 'ಡಾಕ್ಟರಿಗೆ ತೋರಿಸಿಕೊಳ್ಳಿ, ಉಪ್ಪು ಕಡಿಮೆ ಮಾಡಿ' ಎಂದು ಬುದ್ಧಿ ಹೇಳಿದರು. ಉಳಿದ ಅಂಗಡಿಗಳಿಗೆ ತರಬೇತಾದ ಫಾರ್ಮಸಿಸ್ಟ್ ಅಲ್ಲಿಗೇ ಬಂದು, ಬಿಪಿ ಅಳೆದು, ಗಿರಾಕಿಯ ಡಾಕ್ಟರ ಒಪ್ಪಿಗೆಯ ಮೇಲೆ ಮಾತ್ರೆ ಬರೆದುಕೊಟ್ಟರು.

2018ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ, ಬರೀ ಬುದ್ಧಿಮಾತು ಕೇಳಿದವರಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 9 ಅಂಕ ಇಳಿದಿತ್ತು. ಫಾರ್ಮಸಿಸ್ಟ್ ಬಂದ ಅಂಗಡಿಗಳಲ್ಲಿ 27 ಅಂಕ ಇಳಿದಿತ್ತು. ಮಾತ್ರೆಗಳು ಹೊಸವಲ್ಲ, ಎಲ್ಲ ಔಷಧದಂಗಡಿಗಳಲ್ಲಿ ಸಿಗುವಂಥವೇ. ಅಳೆದ ಜಾಗ ಮಾತ್ರ ಹೊಸದು: ಕತ್ತರಿ, ಕನ್ನಡಿ, ಪರಿಚಯದ ಕೈ.